ಬಾಯಿಗೆ ಹಾಕದ ವೀಳ್ಯ

ಸೋಸಲೆ
7 ಡಿಸೆಂಬರ್ 2025, ಭಾನುವಾರ ಮಧ್ಯಾಹ್ನ

ಚಿ. ದಿವ್ಯಳಿಗೆ,

ನಿನ್ನ ಅಪ್ಪನ ಆಶೀರ್ವಾದಗಳು. ಚಿ. ಎಂದು ಬರೆದಾದ ಮೇಲೆ ಪಕ್ಕದಲ್ಲಿ ಸೌ. ಸೇರಿಸಬೇಕೋ ಬೇಡವೋ ಎಂದು ಪೆನ್ನು ಸ್ವಲ್ಪ ಹೊತ್ತು ನಿಂತಿತು. ಹತ್ತು ವರ್ಷದಿಂದ ನಿನಗೊಂದು ಕಾಗದ ಬರೆಯದೆ ಇರುವುದಕ್ಕೆ ಇದೂ ಒಂದು ಕಾರಣ ಎಂದರೆ ನೀನು ನಗುತ್ತೀಯೋ ಬೈಯುತ್ತೀಯೋ ಗೊತ್ತಿಲ್ಲ. ಕೊನೆಗೆ ಸೇರಿಸಲಿಲ್ಲ. ತಪ್ಪಿದ್ದರೆ ಕ್ಷಮಿಸು, ತಡವಾಗಿದ್ದಕ್ಕೂ ಕ್ಷಮಿಸು.

ಫೋನು ಇದೆಯಲ್ಲ ಎನ್ನುತ್ತೀಯ. ಇದೆ. ಭಾನುವಾರ ಭಾನುವಾರ ನೀನು ಯಾದಗಿರಿಯಿಂದ "ಚೆನ್ನಾಗಿದ್ದೀರಾಪ್ಪ?" ಎನ್ನುತ್ತೀಯ, ನಾನು "ಹೂಂ ಕಣವ್ವ" ಎನ್ನುತ್ತೇನೆ, ಫೋನು ಕೋಮಲಳ ಕೈಗೆ ಹೋಗುತ್ತದೆ, ಅವಳೂ "ಹೂಂ ಅಮ್ಮ" ಎನ್ನುತ್ತಾಳೆ. ಅಷ್ಟರಲ್ಲಿ ನಿನಗೆ ಆಸ್ಪತ್ರೆಯ ವಾರ್ಡಿನಿಂದ ಕರೆ ಬಂದಿರುತ್ತದೆ. ಈ ಬೆಳಿಗ್ಗೆಯೂ ಅಷ್ಟೇ ಆಯಿತು. ಹೇಳಬೇಕೆಂದು ಶುಕ್ರವಾರದಿಂದ ಮಾತು ಜೋಡಿಸಿಕೊಂಡು ಕೂತಿದ್ದವನು ಮತ್ತೆ ಹೂಂ ಅಂದೆ. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಹದಿನೆಂಟು ವರ್ಷ ಬಸ್ ಸ್ಟ್ಯಾಂಡಿನ ಮೈಕಿನ ಮುಂದೆ ಕೂತು ಗಂಟಲು ಹರಿದುಕೊಂಡ ಕಂಟ್ರೋಲರ್ ನಾನು. ಮನೆಯ ಮಾತು ಬಂದರೆ ಮೈಕ್ ಆಫ್.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆದು ಹೊಡೆದುಹಾಕಿದ್ದೇನೆ. ಆದರೆ ಗಾಬರಿಯಾಗಬೇಡ. ಕೋಮಲ ಒಳಗೆ ಮಲಗಿದ್ದಾಳೆ, ನಾನು ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡಿದ್ದೇನೆ, ಉಸಿರು ಕೇಳಿಸುತ್ತಿದೆ. ಮಧ್ಯಾಹ್ನ ಅರ್ಧ ಮುದ್ದೆ, ಸೊಪ್ಪಿನ ಸಾರು ತಿಂದಳು. ನಿನ್ನೆ ಅದೂ ಇರಲಿಲ್ಲ. ನನ್ನ ಮಂಡಿ ಹಾಗೇ ಇದೆ. ಸಕ್ಕರೆ ಕಾಯಿಲೆಯ ಮಾತ್ರೆ ಬೆಳಿಗ್ಗೆ ಮರೆತರೆ ಸಂಜೆ ಎರಡು ನುಂಗುತ್ತಿದ್ದೆ, ಹಾಗೆ ಮಾಡಬಾರದಂತೆ, ನೀನೂ ಹೇಳಿದ್ದೆ. ನಿಮ್ಮವ್ವನ ಫೋಟೋಕ್ಕೆ ಹೊಸ ಗಾಜು ಹಾಕಿಸಿದೆ. ಅವಳ ಎಲೆಅಡಿಕೆ ಚೀಲ ಅಡುಗೆಮನೆ ಗೂಟದಲ್ಲಿ ಇನ್ನೂ ಹಾಗೇ ತೂಗಾಡುತ್ತಿದೆ. ಪಾಪಮ್ಮ ಹೋಗಿ ಮೂರು ವರ್ಷವಾದರೂ ಅದನ್ನು ಯಾಕೆ ತೆಗೆದಿಲ್ಲ ಎಂದು ಕೇಳಬೇಡ. ಸುತ್ತಿ ಬಳಸಿ ಬರೆಯುತ್ತಿದ್ದೇನೆ, ಗೊತ್ತು. ವಿಷಯಕ್ಕೆ ಬರಲು ಭಯ.

ನಿನ್ನ ಮಗಳಿಗೆ ನನ್ನ ಗಂಟಲು ಬಂದಿದೆಯಲ್ಲ, ಹೆಣ್ಣುಮಗಳಿಗೆ ಅಷ್ಟು ದಪ್ಪ ದನಿ ಯಾಕೆ ಕೊಟ್ಟನೋ ದೇವರು ಎಂದು ನಿಮ್ಮವ್ವ ಗೊಣಗುತ್ತಿದ್ದಳು. ನನಗೆ ಮಾತ್ರ ಒಳಗೊಳಗೇ ಹೆಮ್ಮೆ. ಜುಲೈನಲ್ಲಿ ಸ್ಕೂಲಿನ ಒಂದು ಸಮಾರಂಭಕ್ಕೆ ಅವಳನ್ನು ನಿರೂಪಣೆಗೆ ಹಾಕಿದರು. ನಾನೇ ತಯಾರು ಮಾಡಿದೆ. ತುಟಿಗೂ ಮೈಕಿಗೂ ಮೂರು ಬೆರಳು ಅಂತರ ಇರಬೇಕು, ಮೊದಲ ಮಾತಿಗೆ ಮುಂಚೆ ಒಂದು ಉಸಿರು ತೆಗೆದುಕೊಳ್ಳಬೇಕು, ಎಲ್ಲ. ಚೆನ್ನಾಗಿಯೇ ಮಾತಾಡಿದಳಂತೆ. ಆದರೆ ಯಾವನೋ ಅದನ್ನು ಮೊಬೈಲಿನಲ್ಲಿ ಹಿಡಿದು, ಹಿಂದುಗಡೆ ಬಸ್ಸಿನ ಹಾರನ್ ಸೇರಿಸಿ, "ಪ್ರಯಾಣಿಕರ ಗಮನಕ್ಕೆ" ಎಂದು ಹೆಸರಿಟ್ಟು ಎಲ್ಲರ ಫೋನಿಗೂ ಹರಿಯಬಿಟ್ಟ. ಮಾರನೇ ದಿನದಿಂದ ಅವಳು ಕ್ಲಾಸಿನಲ್ಲಿ ಎದ್ದು ನಿಂತರೆ ಸಾಕು, ಹಿಂದಿನ ಬೆಂಚಿನಿಂದ "ಪ್ರಯಾಣಿಕರ ಗಮನಕ್ಕೆ!" ಬಸ್ಸಿಗೆ ಕಾಯುತ್ತಾ ನಿಂತರೂ ಅದೇ. ನಾನು ಹದಿನೆಂಟು ವರ್ಷ ದುಡಿದ ಮಾತು ಅದು. ಅದೇ ಮಾತಿನಿಂದ ನನ್ನ ಮೊಮ್ಮಗಳಿಗೆ ಹೊಡೆದರು.

ಮುಂದೆ ನಿಂತು ಮಾಡಿಸಿದವನು ಹೇಮಂತ್. ನಮ್ಮ ಬೀದಿ ಯಜಮಾನ ಪುಟ್ಟಬಸವಯ್ಯನ ಮೊಮ್ಮಗ. ಅವಳ ಕ್ಲಾಸೇ, ಒಂಬತ್ತನೇ ತರಗತಿ.

ಆಗಸ್ಟಿನಲ್ಲಿ ಕ್ಲಾಸ್ ಟೀಚರು ರಂಗನಾಯಕಿ ಮೇಡಂ ನನ್ನನ್ನು ಕರೆಸಿದರು. "ಸಾರ್, ಕೋಮಲ ಪ್ರಶ್ನೆ ಕೇಳಿದರೆ ತಲೆ ಎತ್ತಲ್ಲ. ಊಟದ ಡಬ್ಬಿ ಹಾಗೇ ವಾಪಸ್ಸು ಒಯ್ಯುತ್ತಾಳೆ. ನೀವೊಂದು ಲಿಖಿತ ದೂರು ಕೊಡಿ, ಹೆಡ್ಮೇಡಂ ಎರಡೂ ಕಡೆ ಪೋಷಕರನ್ನ ಕೂರಿಸ್ತಾರೆ, ಕೌನ್ಸೆಲರನ್ನೂ ಕರೆಸೋಣ" ಎಂದರು. ದೂರೇನೋ ಬರೆದೆ. ಐ ಬೆಗ್ ಟು ಸ್ಟೇಟ್ ಎಂದು ಶುರು ಮಾಡಿ ಒಂದು ಪುಟ. ಬಿ.ಎ. ಕೊನೇ ವರ್ಷದಲ್ಲಿ ಇಂಗ್ಲಿಷ್ ಪೇಪರನ್ನೇ ಉಳಿಸಿಕೊಂಡವನು ನಾನು, ಆದರೂ ಅರ್ಜಿ ಎಂದರೆ ಇಂಗ್ಲಿಷಿನಲ್ಲೇ ಬರೆಯಬೇಕು ಎನ್ನುವ ಚಟ ಹೋಗಿಲ್ಲ.

ಸಂಜೆ ಪುಟ್ಟಬಸವಯ್ಯ ಮನೆಗೆ ಬಂದ. "ಏನ್ಲಾ ಮಾರಾ, ಇಸ್ಕೂಲಿಗೆ ಅರ್ಜಿ ಕೊಟ್ಟಿದ್ದೀಯಂತೆ. ನಾನಿನ್ನೂ ಸತ್ತಿಲ್ಲ ಕಣ್ಲಾ. ನಮ್ಮ ಬೀದಿ ಮಕ್ಳ ನ್ಯಾಯ ನಮ್ಮ ಬೀದೀಲಿ ಆಗ್ಬೇಕು. ನಾಳೆ ಪೋಲೀಸು ಗೀಲೀಸು ಅಂತ ಓದ್ರೆ ನಿನ್ನ ಮೊಮ್ಮಗಳ ಎಸ್ರೂ ಬೀದಿಗೆ ಬತ್ತದೆ, ನನ್ನ ಮೊಮ್ಮಗಂದೂ ಬತ್ತದೆ" ಎಂದ. ನಿಮ್ಮವ್ವ ಹೋದಾಗ ಮೊದಲ ಹೆಗಲು ಕೊಟ್ಟವನು ಅವನು. ಹನ್ನೊಂದು ದಿನ ಅವನ ಮನೆಯಿಂದಲೇ ನಮಗೆ ಊಟ ಬಂತು. ಇಲ್ಲ ಅನ್ನಲು ನನ್ನ ಕೈಲಾಗಲಿಲ್ಲ. ನಿಜ ಹೇಳಬೇಕೆಂದರೆ ಅನ್ನುವ ಮನಸ್ಸೂ ಇರಲಿಲ್ಲ. ಕಂಟ್ರೋಲರ್ ರೂಮಿನಲ್ಲಿ ಎಷ್ಟು ಜಗಳ ಬಗೆಹರಿಸಿದ್ದೇನೆ, ಇದೇನು ಮಹಾ ಎಂದುಕೊಂಡೆ.

ಭಾನುವಾರ ಬೀದಿಯ ಭವನದಲ್ಲಿ ಬುದ್ಧನ ಫೋಟೋ ಮುಂದೆ ಕೂತೆವು. ಹೇಮಂತ್ ತಲೆ ತಗ್ಗಿಸಿ "ಸಾರಿ ಕೋಮಲ" ಅಂದ. ಪುಟ್ಟಬಸವಯ್ಯ ಎಲ್ಲರೆದುರಿಗೇ ಅವನ ಬೆನ್ನಿಗೊಂದು ಬಾರಿಸಿ, "ಇನ್ನೊಂದ್ಸಲ ಆ ಕೂಸಿನ ತಂಟೆಗೆ ಓದ್ರೆ ಕಾಲು ಮುರ್ದು ಕೈಗೆ ಕೊಡ್ತೀನಿ ಬಡ್ಡೈದ್ನೆ" ಎಂದ. ಆಮೇಲೆ ಇಬ್ಬರ ಕೈಗೂ ವೀಳ್ಯ ಇಟ್ಟ.

ನಮ್ಮ ಬೀದಿಯ ವೀಳ್ಯದ ಕಟ್ಟಳೆ ನಿನಗೆ ಹೇಳಬೇಕಾಗಿಲ್ಲ, ನಿನಗಿಂತ ಯಾರಿಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ, ನನಗೇ ಇನ್ನೊಮ್ಮೆ ಓದಿ ಹೇಳಿಕೊಳ್ಳುವ ಹಾಗೆ. ಎರಡು ಎಲೆ, ಒಂದು ಇಡೀ ಅಡಿಕೆ. ನ್ಯಾಯ ಮುಗಿದ ಮೇಲೆ ಎರಡೂ ಕಡೆಯವರು ಕೈ ನೀಡಿ ತೆಗೆದುಕೊಳ್ಳಬೇಕು, ಎಲೆಯ ತೊಟ್ಟು ಮುರಿದು ಬಾಯಿಗೆ ಹಾಕಿಕೊಳ್ಳಬೇಕು. ಹಾಕಿಕೊಂಡರೆ ಮಾತು ಮುಗಿಯಿತು. ಆಮೇಲೆ ಆ ಮಾತನ್ನು ಯಾರು ಎತ್ತುತ್ತಾರೋ ತಪ್ಪು ಅವರದೇ.

ಕೋಮಲ ಕೈ ನೀಡಲಿಲ್ಲ. ನಾನೇ ಅವಳ ಮಣಿಕಟ್ಟು ಹಿಡಿದು ಮುಂದೆ ಚಾಚಿಸಿದೆ. "ಮಕ್ಕಳು, ಜಗಿಯೋದು ಬ್ಯಾಡ, ಇಟ್ಕೊಳ್ಳಿ" ಎಂದು ಯಾರೋ ಅಂದರು. ಮನೆಗೆ ಬರುವಾಗ ದಾರಿಯಲ್ಲಿ ಕೇಳಿದಳು: "ತಾತ, ಮತ್ತೆ ಮಾಡಿದ್ರೆ?"

"ಮಾಡಲ್ಲ ಬಿಡವ್ವ, ವೀಳ್ಯ ಆಯ್ತಲ್ಲ. ಇನ್ನು ಆ ಮಾತು ನಮ್ಮ ಮನೆ ಬಾಯಿಂದ ಬರಬಾರದು" ಎಂದೆ.

ಸೋಮವಾರ ಸ್ಕೂಲಿಗೆ ಹೋಗಿ ನನ್ನ ದೂರನ್ನು ವಾಪಸ್ಸು ತೆಗೆದುಕೊಂಡೆ. ದಿ ಮ್ಯಾಟರ್ ಈಸ್ ಅಮಿಕಬ್ಲಿ ಸೆಟಲ್ಡ್, ರಾಜಿಯಲ್ಲಿ ಮುಗಿದಿದೆ ಎಂದು ಬರೆದುಕೊಟ್ಟೆ. ಆ ಅಮಿಕಬ್ಲಿ ಎನ್ನುವ ಪದ ನನಗೆ ಕಾಲೇಜಿನಿಂದ ಉಳಿದಿರುವ ದೊಡ್ಡ ಆಸ್ತಿ. ರಂಗನಾಯಕಿ ಮೇಡಂ ಅದನ್ನು ಓದಿ, "ಸಾರ್, ಇದು ಎರಡು ಮನೆ ಮಧ್ಯದ ವ್ಯಾಜ್ಯ ಅಲ್ಲ. ಆ ಹುಡುಗಿ ಒಳಗೆ ಏನಾಗ್ತಿದೆ ಅಂತ ಅವಳನ್ನ ಕೇಳಿದ್ರಾ?" ಎಂದರು. ನಾನು, "ಎಲ್ಲಾ ಸರಿಹೋಯ್ತು ಮೇಡಂ" ಎಂದು ಕೈ ಮುಗಿದು ಬಂದೆ.

ಆಮೇಲೆ ಮನೆಯಲ್ಲಿ ಸದ್ದೇ ಇಲ್ಲ. ಸ್ಕೂಲಿಂದ ಬಂದವಳು ಮುಸುಕು ಹಾಕಿ ಮಲಗುವುದು. ತಲೆಗೆ ಎಣ್ಣೆ ಹಚ್ಚಿಕೊಳ್ಳುವುದು ಬಿಟ್ಟಳು. ಹುರುಳಿಕಾಳು ಸಾರು ಮಾಡಿದರೆ ಎರಡು ಸಲ ಬಡಿಸಿಕೊಳ್ಳುತ್ತಿದ್ದ ಹುಡುಗಿ ತಟ್ಟೆಯಲ್ಲಿ ಗೆರೆ ಎಳೆಯುತ್ತಾ ಕೂರುತ್ತಿದ್ದಳು. ವಯಸ್ಸಿಗೆ ಬಂದ ಹುಡುಗಿ, ಗಂಭೀರವಾಗುತ್ತಿದ್ದಾಳೆ ಎಂದುಕೊಂಡೆ. ಪುಟ್ಟಬಸವಯ್ಯನ ಹೆಂಡತಿ ಚನ್ನಾಜಮ್ಮ ಒಂದು ಸಲ, "ಕೂಸು ಯಾಕೋ ಸೊರಗ್ತಾ ಅದಲ್ಲಣ್ಣ" ಎಂದಾಗ, "ಪರೀಕ್ಷೆ ಕಣವ್ವ" ಎಂದೆ. ಫೋನಿನಲ್ಲಿ ನಿನಗೂ, "ಚೆನ್ನಾಗಿ ಓದ್ಕೋತಾಳೆ, ಒಂದು ಮಾತಿಲ್ಲ" ಎಂದು ಹೊಗಳಿದ್ದೆ. ನೆನಪಿದೆಯಾ?

ಮೊನ್ನೆ ಬುಧವಾರ ಕಂಡಕ್ಟರ್ ಚಾಮುಂಡಮ್ಮ ಫೋನು ಮಾಡಿದಳು. ಅವಳು ಹೊಸದಾಗಿ ಡ್ಯೂಟಿಗೆ ಬಂದಾಗ ಟಿಕೇಟು ಲೆಕ್ಕದ ವೇಬಿಲ್ ಬರೆಯುವುದನ್ನು ನಾನೇ ಕಲಿಸಿದ್ದು. ಈಗ ನರಸೀಪುರದಿಂದ ಸುತ್ತೂರು ಮೇಲೆ ನಂಜನಗೂಡಿಗೆ ಹೋಗಿಬರುವ ಬಸ್ಸಿನಲ್ಲಿದ್ದಾಳೆ.

"ಸಾ, ಬೇಜಾರು ಮಾಡ್ಕೋಬ್ಯಾಡಿ. ನಿಮ್ಮ ಮೊಮ್ಮಗಳಿಗೆ ಇಸ್ಕೂಲು ರಜಾ ಕೊಟ್ಟವ್ರಾ?"

"ಇಲ್ಲವಲ್ಲ, ಯಾಕೆ?"

"ಹನ್ನೊಂದು ದಿವ್ಸದಿಂದ ನನ್ನ ಬಸ್ಸಲ್ಲೇ ಅವ್ಳೆ ಸಾ. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಅತ್ತುತಾಳೆ, ನಂಜನಗೂಡಿಗೆ ಓಯ್ತಾಳೆ, ಅಲ್ಲಿ ಇಳಿಯಾಕಿಲ್ಲ, ಅದೇ ಸೀಟಲ್ಲಿ ವಾಪಸ್ ಬತ್ತಾಳೆ. ಮೂರು ಟ್ರಿಪ್ಪು. ಹೆಂಗಸ್ರಿಗೆ ಫ್ರೀ ಅಲ್ವಾ, ಆಧಾರ್ ತೋರಿಸ್ತಾಳೆ, ನಾನು ಟಿಕೇಟು ಕೊಡ್ತೀನಿ. ಮೊದ್ಲು ಯಾರೋ ನೆಂಟರ ಮನೆಗೆ ಅಂದ್ಕೊಂಡೆ. ಇವತ್ತು ಊಟ ಮಾಡು ಬಾರವ್ವ ಅಂದ್ರೆ, 'ಬಸ್ಸು ಯಾವಾಗ ಹೊರಡುತ್ತೆ ಆಂಟಿ' ಅಂತಾಳೆ. ಅಷ್ಟೇ ಮಾತು ಸಾ."

ಹನ್ನೊಂದು ದಿನ ದಿವ್ಯಾ. ದಿನಾ ಬೆಳಿಗ್ಗೆ ಡಬ್ಬಿಗೆ ಚಿತ್ರಾನ್ನ ಹಾಕಿ ಕೊಟ್ಟಿದ್ದೇನೆ. ಸಾವಿರಾರು ಬಸ್ಸು ಎಲ್ಲಿಗೆ ಹೊರಟವು, ಎಷ್ಟು ಹೊತ್ತಿಗೆ ಬಂದವು ಎಂದು ಲೆಕ್ಕ ಇಟ್ಟವನಿಗೆ ಮನೆಯ ಒಂದು ಹುಡುಗಿ ಎಲ್ಲಿಗೆ ಹೋಗುತ್ತಾಳೆ ಎಂದು ಗೊತ್ತಿರಲಿಲ್ಲ.

ಸ್ಕೂಲಿಗೆ ಓಡಿದೆ. ರಂಗನಾಯಕಿ ಮೇಡಂ ಒಂದು ಚೀಟಿ ತೆಗೆದು ತೋರಿಸಿದರು. ಐ ಬೆಗ್ ಟು ಸ್ಟೇಟ್ ದಟ್ ಮೈ ಗ್ರ್ಯಾಂಡ್‌ಡಾಟರ್ ಈಸ್ ಸಫರಿಂಗ್ ಫ್ರಮ್ ವೈರಲ್ ಫೀವರ್. ಕೆಳಗೆ ನನ್ನ ಸಹಿ. ನನ್ನ ತಪ್ಪುಗಳ ಸಮೇತ ನನ್ನದೇ ಇಂಗ್ಲಿಷು. "ನಿಮ್ಮ ಶೈಲಿ ನೋಡಿ ನಂಬಿಬಿಟ್ಟೆ ಸಾರ್. ಒಂದು ಫೋನ್ ಮಾಡಬೇಕಿತ್ತು, ನನ್ನದೂ ತಪ್ಪು" ಎಂದು ಅವರು ಕಣ್ಣು ಒರೆಸಿಕೊಂಡರು. ಈ ಜಗತ್ತಿನಲ್ಲಿ ನನ್ನ ಇಂಗ್ಲಿಷನ್ನು ಪೂರ್ತಿ ಕಲಿತವಳು ಅವಳೊಬ್ಬಳೇ, ಕಲಿತದ್ದು ಇದಕ್ಕೆ.

ಗುರುವಾರ ನಾನು ಅವಳಿಗಿಂತ ಮುಂಚೆ ನಂಜನಗೂಡಿಗೆ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಕೂತೆ. ಬಸ್ಸು ಬಂತು. ಎಲ್ಲ ಇಳಿದರು. ಚಾಮುಂಡಮ್ಮ ನನ್ನನ್ನು ನೋಡಿ ಕಣ್ಣಲ್ಲೇ ತೋರಿಸಿದಳು. ನಾನು ಹತ್ತಿದೆ. ಹಿಂದಿನಿಂದ ಎರಡನೇ ಸೀಟಿನಲ್ಲಿ ಬ್ಯಾಗು ತಬ್ಬಿಕೊಂಡು ಕೂತಿದ್ದಳು. ಬೈಯಬಾರದು ಎಂದು ರಾತ್ರಿಯೇ ನಿರ್ಧಾರ ಮಾಡಿದ್ದೆ. ಬೈಯುವ ಶಕ್ತಿಯೂ ಇರಲಿಲ್ಲ. ಪಕ್ಕದಲ್ಲಿ ಕೂತೆ. ಡ್ರೈವರು ಕಾಫಿಗೆ ಹೋಗಿದ್ದ. ಸ್ಪೀಕರಿನಲ್ಲಿ ಯಾರೋ ಹೊಸಬನ ದನಿ ಚಾಮರಾಜನಗರದ ಬಸ್ಸು ಕೂಗುತ್ತಿತ್ತು. ಅವಳು ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡಳು.

ಆ ಕೂಗು ನಿಂತ ಮೇಲೆ ಕೇಳಿದೆ, "ಯಾಕವ್ವ ಬಸ್ಸು?"

"ಬಸ್ಸಲ್ಲಿ ಯಾರೂ ಏನೂ ಕೇಳಲ್ಲ ತಾತ. ಕೂತ್ಕೋಬಹುದು. ಇದು ಎಲ್ಲೂ ನಿಲ್ಲದೆ ಹೋಗ್ತಾನೇ ಇದ್ರೆ ಚೆನ್ನಾಗಿರುತ್ತೆ ಅನ್ಸುತ್ತೆ."

"ಹೇಮಂತ್ ಮತ್ತೆ ಏನಾದ್ರೂ ಅಂದನಾ?"

ಅವಳು ಬ್ಯಾಗು ತೆಗೆದು, ಜಾಮಿಟ್ರಿ ಬಾಕ್ಸು ತೆಗೆದು, ಮುಚ್ಚಳ ಬಿಚ್ಚಿದಳು. ಕಂಪಾಸು, ಕೋನಮಾಪಕ, ಅವುಗಳ ಕೆಳಗೆ ಒಣಗಿ ಕಂದಾದ ಎರಡು ವೀಳ್ಯದೆಲೆ, ಒಂದು ಅಡಿಕೆ.

"ನಾನು ಇದನ್ನ ತಿಂದಿಲ್ಲ ತಾತ. ತೊಟ್ಟೂ ಮುರಿದಿಲ್ಲ. ಹಾಗಾದ್ರೆ ಹೇಳಬಹುದಾ?"

ಆಗಸ್ಟಿನಿಂದ ಡಿಸೆಂಬರಿನವರೆಗೆ ಆ ಹುಡುಗಿ ಈ ಒಂದು ಪ್ರಶ್ನೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಓಡಾಡಿದ್ದಾಳೆ. ನಾನು, "ಹೇಳವ್ವ" ಎಂದೆ. ಅವಳು, "ಇಲ್ಲ, ಮೊದ್ಲು ವಾಪಸ್ಸು ಕೊಡಬೇಕು. ಇಲ್ಲಾಂದ್ರೆ ತಪ್ಪು ನಮ್ಮದಾಗುತ್ತೆ, ನೀವೇ ಹೇಳಿದ್ರಿ" ಎಂದಳು.

ಕೊಟ್ಟ ವೀಳ್ಯ ಹಿಂದಿರುಗಿಸಿದ್ದನ್ನು ನನ್ನ ಅರವತ್ತೊಂಬತ್ತು ವರ್ಷದಲ್ಲಿ ನಾನು ಕಂಡಿಲ್ಲ. ಯಜಮಾನನ ಮುಖಕ್ಕೆ ಉಗಿದ ಹಾಗೆ ಅದು. ಹಿಂದಿರುಗಿಸಿದ ಮನೆಗೆ ಬೀದಿಯವರು ಒಳ್ಳೆಯದಕ್ಕೂ ಬರುವುದಿಲ್ಲ, ಕೆಟ್ಟದ್ದಕ್ಕೂ ಬರುವುದಿಲ್ಲ. ಪುಟ್ಟಬಸವಯ್ಯ ಬಿಟ್ಟರೆ ನನಗೆ ಸಂಜೆ ಮಾತಾಡಲು ಇನ್ನೊಬ್ಬನಿಲ್ಲ. ಅದೆಲ್ಲ ಆ ಸೀಟಿನಲ್ಲಿ ಕೂತು ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಬಸ್ಸು ಸುತ್ತೂರು ದಾಟುವ ತನಕ ಯೋಚಿಸಿದೆ.

ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ, ತಟ್ಟೆಯಲ್ಲಿ ಆ ಒಣಗಿದ ಎಲೆ, ಅಡಿಕೆ ಇಟ್ಟುಕೊಂಡು ಅವನ ಮನೆಗೆ ಹೋದೆವು. ಅವನು ಜಗಲಿಯಲ್ಲಿ ಪೇಪರು ಓದುತ್ತಿದ್ದ. ತಟ್ಟೆ ನೋಡಿ ಕನ್ನಡಕ ತೆಗೆದ.

"ಏನ್ಲಾ ಇದು?"

"ವೀಳ್ಯ. ವಾಪಸ್ಸು ತಂದಿದ್ದೀನಿ."

"ತಲೆ ಕೆಟ್ಟದಾ? ನಮ್ಮಪ್ಪನ ಕಾಲದಿಂದ ಈ ಜಗಲಿಗೆ ಕೊಟ್ಟ ವೀಳ್ಯ ಇಂದಕ್ಕೆ ಬಂದಿಲ್ಲ ಕಣ್ಲಾ. ನಾಳೆ ನಿನ್ನ ಎಣ ಬಿದ್ರೆ ಎತ್ತಾಕೆ ಯಾರ್ ಬತ್ತಾರೆ ಅಂತ ಯೋಚ್ನೆ ಮಾಡಿದ್ದೀಯಾ?"

"ಮಾಡಿದ್ದೀನಿ. ಬಸ್ ಸ್ಟ್ಯಾಂಡಿನವರು ಯಾರಾದ್ರೂ ಬರ್ತಾರೆ ಬಿಡು."

"ಮೊಗ ಸಾರಿ ಅಂತ ಕೇಳ್ಲಿಲ್ವಾ? ನಾನು ಒಡೀಲಿಲ್ವಾ? ಇನ್ನೇನ್ ಬೇಕು ನಿಂಗೆ?"

"ನಂಗಲ್ಲ, ಅವಳಿಗೆ. ಅವಳನ್ನ ಕೇಳು. ಅವತ್ತು ನಾವಿಬ್ರೂ ಕೇಳಲಿಲ್ಲ."

ಅವನು ಕೋಮಲಳ ಕಡೆ ತಿರುಗಿದ. ದನಿ ಸ್ವಲ್ಪ ಇಳಿಯಿತು. "ಯೋಳವ್ವ. ಏನಾಯ್ತು?"

ಅವಳು ಹೇಳಿದಳು ದಿವ್ಯಾ. ತಲೆ ತಗ್ಗಿಸಿಕೊಂಡೇ, ಆದರೆ ಆ ದಪ್ಪ ದನಿಯಲ್ಲೇ. ವೀಳ್ಯವಾದ ಮೇಲೆ ಹೇಮಂತ್ ಬಾಯಲ್ಲಿ ಏನೂ ಅನ್ನಲಿಲ್ಲವಂತೆ. ಅವಳು ಎದ್ದು ನಿಂತರೆ ಮೈಕ್ ಟೆಸ್ಟ್ ಮಾಡುವ ಹಾಗೆ ಬೆಂಚಿನ ಮೇಲೆ ಬೆರಳಲ್ಲಿ ಟಕ್ ಟಕ್ ಎಂದು ತಟ್ಟುವುದು. ಒಬ್ಬ ತಟ್ಟಿದರೆ ಇಡೀ ಸಾಲು ತಟ್ಟುತ್ತದೆ. ಬಸ್ಸಿನಲ್ಲಿ ಕಿಟಕಿ ಸರಳಿಗೆ ಟಕ್ ಟಕ್. ಫೂ ಎಂದು ಊದುವುದು. ಮಾತೇ ಇಲ್ಲ, ಯಾರ ಮೇಲೆ ಏನೆಂದು ದೂರು ಹೇಳುವುದು? ಆಮೇಲೆ ನವೆಂಬರಿನಲ್ಲಿ ಹುಡುಗರ ಗ್ರೂಪಿನಲ್ಲಿ ಒಂದು ಹಾಕಿದರಂತೆ. ಅದನ್ನು ಹೇಳುವ ಮುಂಚೆ ಅವಳು ನನ್ನ ಮುಖ ನೋಡಿದಳು. ನಿನಗೆ ಬರೆಯಬಾರದು ಎಂದಿದ್ದೆ. ಆದರೆ ಇನ್ನು ಮುಚ್ಚುವುದು ಸಾಕು.

"ಪ್ರಯಾಣಿಕರ ಗಮನಕ್ಕೆ, ಕೋಮಲಳ ಅಮ್ಮ ಹತ್ತಿರುವ ಬಸ್ಸು ವಾಪಸ್ಸು ಬರುವುದಿಲ್ಲ."

ಇದನ್ನು ಅವಳು ಅವರು ಹೇಳಿದ ಧಾಟಿಯಲ್ಲೇ ಹೇಳಿದಳು. ನನ್ನ ಧಾಟಿ ಅದು. ಬಾಗಿಲ ಹಿಂದೆ ಹೇಮಂತ್ ನಿಂತಿದ್ದ, ಅವನ ಕಾಲು ಕಾಣುತ್ತಿತ್ತು. ಪುಟ್ಟಬಸವಯ್ಯ ಎದ್ದ, ಹೊಡೆಯಲು ಹೊರಟ ಎಂದು ಗೊತ್ತಾಯಿತು. ಕೋಮಲ, "ಹೊಡೀಬೇಡಿ ತಾತ. ಹೊಡೆದ್ರೆ ಮತ್ತೆ ನನ್ನ ಮೇಲೇ ಬರುತ್ತೆ" ಎಂದಳು.

ಅವನು ನಿಂತಲ್ಲೇ ನಿಂತ. ತಟ್ಟೆ ಮಾತ್ರ ಮುಟ್ಟಲಿಲ್ಲ. ಅಷ್ಟರಲ್ಲಿ ಚನ್ನಾಜಮ್ಮ ಒಳಗಿನಿಂದ ಬಂದಳು, ಕೈಯೆಲ್ಲ ರಾಗಿಹಿಟ್ಟು. "ಕೊಡವ್ವ ಇಲ್ಲಿ" ಎಂದು ತಟ್ಟೆಯಿಂದ ಅಡಿಕೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎಲೆ ಮುಟ್ಟಿದ ಕೂಡಲೇ ಪುಡಿಯಾಯಿತು, ಆ ಪುಡಿಯನ್ನೂ ಸೆರಗಿಗೆ ತೆಗೆದುಕೊಂಡಳು.

"ಏಯ್, ಏನ್ ಮಾಡ್ತಿದ್ದೀಯೆ ನೀನು!" ಎಂದ ಗಂಡ.

"ಗಂಡಸ್ರು ಕೊಡ್ತೀರಿ, ನಾನು ಇಸ್ಕೋತೀನಿ. ಯಾವ ಶಾಸ್ತ್ರದಲ್ಲಿ ಬ್ಯಾಡ ಅಂತದೆ ತೋರ್ಸು. ಆ ಐದ ಮಾಡಿರೋ ಕೆಲ್ಸಕ್ಕೆ ಎಲೆಅಡ್ಕೆ ಬೇರೆ ಕೇಡು" ಎಂದು, ಕೋಮಲಳ ಗಲ್ಲ ಮುಟ್ಟಿದಳು. ಗಲ್ಲದ ಮೇಲೆ ಹಿಟ್ಟಿನ ಗುರುತು ಉಳಿಯಿತು.

ಪುಟ್ಟಬಸವಯ್ಯ ನನ್ನೊಡನೆ ಮಾತಾಡಲಿಲ್ಲ. ಇವತ್ತಿಗೂ ಆಡಿಲ್ಲ. ಎರಡು ಸಂಜೆಯೂ ಅವನು ಭವನದ ಕಡೆ ಹೋಗುವಾಗ ನಮ್ಮ ಮನೆ ಮುಂದೆ ಬಂದು ಆಚೆ ಪಕ್ಕಕ್ಕೆ ಸರಿದು ನಡೆದ. ನಿನ್ನೆ ಶನಿವಾರ ಹೊಸದಾಗಿ ಸ್ಕೂಲಿಗೆ ದೂರು ಕೊಟ್ಟೆ, ಈ ಸಲ ಕನ್ನಡದಲ್ಲಿ, ಅವಳು ಹೇಳಿದ್ದನ್ನು ಅವಳು ಹೇಳಿದ ಹಾಗೇ. ರಂಗನಾಯಕಿ ಮೇಡಂ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುತ್ತಾರೆ, ತಪ್ಪದೆ ಕರೆದುಕೊಂಡು ಹೋಗಿ, ನಾನೂ ಬರುತ್ತೇನೆ ಎಂದಿದ್ದಾರೆ. ಕಾಗದ ಅಲ್ಲಿಯವರೆಗೆ ನಿಲ್ಲಿಸಿರುತ್ತೇನೆ. ಅವಳು ಎದ್ದಳು, ಕಾಫಿ ಇಡಬೇಕು.

9 ಡಿಸೆಂಬರ್, ಮಂಗಳವಾರ ಸಂಜೆ

ಹೋಗಿ ಬಂದೆವು. ಚಿಕ್ಕ ವಯಸ್ಸಿನ ಡಾಕ್ಟರು. ಮುಕ್ಕಾಲು ಗಂಟೆ ಅವಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು. ನಾನೂ ಮೇಡಮ್ಮೂ ಹೊರಗೆ ಬೆಂಚಿನ ಮೇಲೆ. ಆಮೇಲೆ ನನ್ನನ್ನು ಕರೆದು ಅವಳೆದುರಿಗೇ ಹೇಳಿದರು. ಇದು ಖಿನ್ನತೆ, ಕಾಯಿಲೆ, ಸೋಮಾರಿತನವಲ್ಲ, ವಯಸ್ಸಿನ ಮಂಪರೂ ಅಲ್ಲ. ಬದುಕುವುದು ಬೇಡ ಎನಿಸಿದೆಯಾ ಎಂದು ಅವರು ನೇರವಾಗಿ ಕೇಳಿದ್ದಕ್ಕೆ, "ಬೇಡ ಅಂತಲ್ಲ ಡಾಕ್ಟರ್, ಬೇಕು ಅಂತ ಅನ್ಸಲ್ಲ" ಎಂದಿದ್ದಾಳೆ. ಹಾಗೆ ಕೇಳಿದರೆ ಮಕ್ಕಳ ತಲೆಗೆ ಹೊಸದಾಗಿ ಏನೋ ಹೊಕ್ಕುಬಿಡುತ್ತದೆ ಎಂದುಕೊಂಡಿದ್ದವನು ನಾನು. ಇಲ್ಲವಂತೆ. ಕೇಳದೆ ಇರುವುದೇ ಅಪಾಯವಂತೆ. ಪ್ರಿವೆನ್ಷನ್ ಈಸ್ ಬೆಟರ್ ದ್ಯಾನ್ ಎಂದು ಏನೋ ಒಂದು ಓದಿದ್ದೆವು, ಅರ್ಧ ನೆನಪಿತ್ತು, ಡಾಕ್ಟರ ಮುಂದೆ ಹೇಳಲು ಹೋಗಿ ನಿಲ್ಲಿಸಿದೆ.

ವಾರವಾರ ಮಾತಾಡಿಸುತ್ತಾರಂತೆ. ಮಾತ್ರೆ ಬೇಕೋ ಬೇಡವೋ ಮುಂದೆ ನೋಡುತ್ತಾರಂತೆ. ಒಬ್ಬಳನ್ನೇ ಬಿಡಬಾರದು, ನನ್ನ ಮಾತ್ರೆ ಡಬ್ಬಿ ಅವಳ ಕೈಗೆ ಸಿಗುವ ಹಾಗೆ ಇಡಬಾರದು, ಬುದ್ಧಿ ಹೇಳಬಾರದು, ಧೈರ್ಯ ತಂದುಕೋ ಎನ್ನಬಾರದು. ಸುಮ್ಮನೆ ಜೊತೆಗಿರಬೇಕು, ಹೇಳಿದಾಗ ಕೇಳಬೇಕು. ಸ್ಕೂಲಿನಲ್ಲಿ ಎರಡೂ ಮನೆಯವರನ್ನು ಶುಕ್ರವಾರ ಕರೆದಿದ್ದಾರೆ. ಆ ಟಕ್ ಟಕ್ ಮಾಡಿದ ಇಡೀ ಕ್ಲಾಸಿನ ಜೊತೆ ಬೇರೆ ಮಾತಾಡುತ್ತಾರಂತೆ. ಆಗುವುದು ಎಷ್ಟೋ ನೋಡೋಣ. ಹೇಮಂತನೂ ಕೂಸೇ, ಅವನ ಒಳಗೆ ಏನಿದೆಯೋ ಅದನ್ನೂ ಯಾರೋ ಕೇಳಬೇಕು. ಆದರೆ ಆ ಯಾರೋ ನಾನಾಗುವಷ್ಟು ದೊಡ್ಡ ಮನಸ್ಸು ಸದ್ಯಕ್ಕೆ ನನಗಿಲ್ಲ.

ಬರುವಾಗ ಬಸ್ಸಿನಲ್ಲಿ ಕೋಮಲ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಸೋಸಲೆ ಬಂದರೂ ಎಬ್ಬಿಸಲು ಮನಸ್ಸಾಗದೆ ಎರಡು ಸ್ಟಾಪು ಮುಂದೆ ಹೋಗಿ ನಡೆದು ಬಂದೆವು. ಮಂಡಿ ಈಗ ಬೆಂಕಿ.

ಡಾಕ್ಟರು, "ತಾಯಿ ಬಂದಿದ್ದರೆ ಒಳ್ಳೆಯದು" ಎಂದರು. ರಜೆ ಸಿಗುತ್ತದಾ? ನಾನು ಕೇಳುತ್ತಿದ್ದೇನೆ, ಆಜ್ಞೆಯಲ್ಲ. ಹೊರಟರೆ ಯಾವ ಬಸ್ಸು ಎಂದು ಕೋಮಲಳಿಗೆ ತಿಳಿಸು. ನರಸೀಪುರದ ಸ್ಟ್ಯಾಂಡಿನಲ್ಲಿ ನಾವಿಬ್ಬರೂ ನಿಂತಿರುತ್ತೇವೆ. ವಾಪಸ್ಸು ಬರುವ ಬಸ್ಸನ್ನು ಅವಳು ಕಣ್ಣಾರೆ ನೋಡಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಯಲ್ಲಿ ಗುಣವಾದವರ ಹರಕೆಯೆಲ್ಲ ನಿನ್ನನ್ನು ಕಾಯಲಿ. ನಿಮ್ಮವ್ವ ಇದ್ದಿದ್ದರೆ ಇನ್ನೂ ಚೆನ್ನಾಗಿ ಹರಸುತ್ತಿದ್ದಳು, ನನ್ನದು ಇಷ್ಟೇ.

ನಿನ್ನ ಅಪ್ಪ,
ಮಾರಯ್ಯ

ತಾ.ಕ.: ಕವರಿಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದ್ದೇನೆ. 2013ರ ಯುಗಾದಿ ಕಳೆದ ವಾರ, ಎರಡು ವರ್ಷದ ಕೋಮಲಳನ್ನು ಕಂಕುಳಲ್ಲಿ ಎತ್ತಿಕೊಂಡು, ಗಂಡನ ಮನೆಯಿಂದ ಊದಿದ ಕೆನ್ನೆಯಲ್ಲಿ ನೀನು ಬಂದಿದ್ದೆ. ಠಾಣೆಗೆ ನೀನು ಕೊಟ್ಟ ದೂರನ್ನು ನಾನೇ ಹೋಗಿ ವಾಪಸ್ಸು ತೆಗೆಸಿದೆ. ಅಮಿಕಬ್ಲಿ ಸೆಟಲ್ಡ್ ಎಂದು ಬರೆದುಕೊಟ್ಟವನೂ ನಾನೇ. ಅದೇ ಭವನ, ಅದೇ ಪುಟ್ಟಬಸವಯ್ಯ. ನೀನು, "ಅಪ್ಪಾ, ಒಂದು ಮಾತು" ಎಂದೆ. ನಾನು ನಿನ್ನ ಮಣಿಕಟ್ಟು ಹಿಡಿದು ವೀಳ್ಯಕ್ಕೆ ಚಾಚಿಸಿದೆ. ಆ ಮಾತು ಏನಾಗಿತ್ತು ಎಂದು ಹನ್ನೆರಡು ವರ್ಷದಲ್ಲಿ ಒಂದು ದಿನವೂ ಕೇಳಲಿಲ್ಲ. ನೀನು ಆ ಗಂಡನ ಮನೆಗೇ ಮತ್ತೆ ಹೋದೆ, ಎರಡು ವರ್ಷ ಇದ್ದೆ. ಕೊನೆಗೆ ಕೈ ಮುರಿದುಕೊಂಡು ಅಲ್ಲಿಂದ ಹೊರಟಾಗಲೂ ನಮ್ಮ ಮನೆಗೆ ಬರಲಿಲ್ಲ, ಆಸ್ಪತ್ರೆಯಲ್ಲೇ ಕೋಮಲಳನ್ನು ನಿಮ್ಮವ್ವನ ಕೈಗೊಪ್ಪಿಸಿ ನೇರವಾಗಿ ಕೆಲಸ ಹುಡುಕಿಕೊಂಡು ಹೋದೆ.

ನಿಮ್ಮವ್ವ ದಿನಕ್ಕೆ ಆರು ಸಲ ಎಲೆಅಡಿಕೆ ಹಾಕುತ್ತಿದ್ದವಳು ಆ ದಿನದಿಂದ ಸಾಯುವ ತನಕ ಒಂದೂ ಹಾಕಲಿಲ್ಲ. "ಯಾಕೆ ಪಾಪ?" ಎಂದರೆ, "ಹಲ್ಲುನೋವು" ಎನ್ನುತ್ತಿದ್ದಳು. ನಂಬಿದ್ದೆ. ಮೊನ್ನೆ ಜಾಮಿಟ್ರಿ ಬಾಕ್ಸು ತೆರೆದಾಗ ಗೊತ್ತಾಯಿತು.

ಅವತ್ತು ನೀನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ನಾನು ನೋಡಿದೆ, ನೋಡದವನ ಹಾಗೆ ಮುಖ ತಿರುಗಿಸಿದೆ. ಆ ಅಡಿಕೆ ಎಲ್ಲಾದರೂ ಉಳಿದಿದ್ದರೆ ಬರುವಾಗ ತಾ. ಇಲ್ಲದಿದ್ದರೆ ಬರಿಗೈಯನ್ನೇ ನೀಡು. ಪುಟ್ಟಬಸವಯ್ಯ ಬೇಡ, ಭವನ ಬೇಡ, ನಾನೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆಮೇಲೆ ಅವತ್ತಿನ ಆ ಒಂದು ಮಾತು ಹೇಳು.